ಓದಿನ ಪಾಲು

“ಅಮ್ಮಾ, ಗುಂಡಿ ಅಜ್ಜಿ ಮನೇಲಿ ಯಾರು ಸತ್ತೋದ್ರು?”

ಮಗಳು ಹೀಗೆ ಕೇಳಿದಾಗ ತಾಯಿ ಒಗೆದ ಬಟ್ಟೆಯನ್ನು ಕೊಡವಿ ಹಗ್ಗದ ಮೇಲೆ ಹರವುತ್ತಿದ್ದಳು. ಕೆಳಗಿನ ಮನೆಯಲ್ಲಿ ಸಾಯುವುದಕ್ಕೆ ಇನ್ನೊಬ್ಬರು ಯಾರಿದ್ದಾರೆ? ಗುಂಡಿಯಮ್ಮ ಒಂಟಿ ಜೀವ. ಒಂದು ಕೋಣೆ, ಕೈ ಚಾಚಿದರೆ ಮುಗಿದುಹೋಗುವ ಅಡುಗೆಮನೆ, ಗೋಡೆಯ ಮೇಲೆ ಮನಸ್ಸು ಬಂದಾಗ ಮಾತ್ರ ಓಡುವ ಗಡಿಯಾರ, ಇಷ್ಟೇ ಅವಳ ಸಂಸಾರ.

“ಯಾರು ಹೇಳಿದ್ರು ಪುಟ್ಟಿ ಹಾಗಂತ?”

“ಯಾರೂ ಹೇಳಿಲ್ಲ. ಬಾಗಿಲು ತೆಗೆದುಕೊಂಡೇ ಅಳ್ತಿದ್ದಾರೆ. ಮೂಗು ಒರೆಸ್ಕೊಳ್ಳೋಕೂ ಮರ್ತಿದ್ದಾರೆ.”

ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ತಾಯಿ ಮೆಟ್ಟಿಲಿಳಿದಳು. ಗುಂಡಿಯಮ್ಮ ಕೆಲಸದಿಂದ ಬಂದವಳು ಚೀಲವನ್ನೂ ಹೆಗಲಿನಿಂದ ಇಳಿಸದೆ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಏನೋ ಸಿಕ್ಕಿದವಳ ಹಾಗೆ ಅರಳಿತ್ತು.

“ಸಾವೂ ಇಲ್ಲ ನೋವೂ ಇಲ್ಲ ಕಣೇ, ಹೆದರ್ಬೇಡ. ಪುಸ್ತಕದಲ್ಲಿ ಒಬ್ಬಳು ಪಾತ್ರೆ ಮುಚ್ಚಳ ವಾಪಸು ಕೊಡೋಕೆ ಹೋದಳು.”

“ಮುಚ್ಚಳಾನಾ?”

“ಮುಚ್ಚಳ.”

“ಅಷ್ಟಕ್ಕೇ ಇಷ್ಟು ಅಳುನಾ ಗುಂಡಿಯಮ್ಮ?”

“ಅಷ್ಟಕ್ಕೇ ಕಣೇ. ಹೋಗು, ನಿನ್ನ ಬಟ್ಟೆ ಒಣಗಲಿ,” ಎಂದು ಗುಂಡಿಯಮ್ಮ ಮೂಗು ಒರೆಸಿಕೊಂಡಳು.

ಮಹಡಿಯವಳಿಗೆ ನಗು ಬಂತು. ಆ ಮುಚ್ಚಳದ ಭಾರ ಎಷ್ಟೆಂಬುದು ಆಗ ಅವಳಿಗೆ ತಿಳಿದಿರಲಿಲ್ಲ.

ಗುಂಡಿಯಮ್ಮ ದುಡಿಯುತ್ತಿದ್ದುದು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ. ಶಾಲೆಯ ಮಕ್ಕಳು, ಆಸ್ಪತ್ರೆಯ ದಾದಿಯರು, ಬಸ್ಸಿನ ಕಂಡಕ್ಟರುಗಳು, ಎಲ್ಲರ ಅಂಗಿಯೂ ಅಲ್ಲೇ ಹುಟ್ಟುತ್ತಿತ್ತು. ಮುಂದಿನ ಹಜಾರದಲ್ಲಿ ಮಿಷನ್ನುಗಳ ಗದ್ದಲ, ಹಿಂದಿನ ಕೋಣೆಯಲ್ಲಿ ಕೈಕೆಲಸ. ಕಾಜಾ ಕಟ್ಟುವುದು, ಗುಂಡಿ ಹಚ್ಚುವುದು, ಕಾಲರಿನ ಒಳಹೊಲಿಗೆ, ಜೋತುಬಿದ್ದ ದಾರ ಕತ್ತರಿಸುವುದು. ಕಾಲರಿನವಳು ಕಾಲರಕ್ಕ, ದಾರ ಕತ್ತರಿಸುವವಳು ಕತ್ತರಿ, ಗುಂಡಿ ಹಚ್ಚುವವಳು ಗುಂಡಿಯಮ್ಮ. ಆ ಹೆಸರು ಅವಳ ಬೆನ್ನು ಹತ್ತಿ ಮನೆಯವರೆಗೂ ನಡೆದುಬಂದು ಕಟ್ಟಡಕ್ಕೆಲ್ಲ ಹರಡಿತ್ತು.

ಹಿಂದಿನ ಕೋಣೆಗೆ ಒಂದು ರೂಢಿಯಿತ್ತು. ರೇಡಿಯೋ ಕೆಟ್ಟು, ಅದನ್ನು ರಿಪೇರಿ ಮಾಡಿಸುವವರು ಯಾರೆಂಬ ಜಗಳ ಬಗೆಹರಿಯದೆ ಹುಟ್ಟಿದ ರೂಢಿ ಅದು. ಚೆನ್ನಾಗಿ ಓದಬಲ್ಲ ಒಬ್ಬರು ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಕತೆಪುಸ್ತಕ ಓದಬೇಕು. ಅವರು ಮಾಡಬೇಕಾದ ಅಂಗಿಗಳನ್ನು ಉಳಿದವರು ತಮ್ಮ ತಮ್ಮಲ್ಲಿ ಹಂಚಿಕೊಳ್ಳಬೇಕು. ಹೀಗೆ ಹಂಚಿಕೊಂಡದ್ದಕ್ಕೆ ಓದಿನ ಪಾಲು ಎಂದು ಹೆಸರು. ಪುಸ್ತಕ ಮುಗಿದ ದಿನ ಓದಿದವರು ಸ್ಟೂಲಿನಿಂದಿಳಿದು ಸೂಜಿ ಹಿಡಿಯಬೇಕು, ಸರದಿ ಇನ್ನೊಬ್ಬರಿಗೆ. ಕಟಿಂಗ್ ಮಾಸ್ಟರು ಇದನ್ನು ಕಂಡೂ ಕಾಣದಂತೆ ಓಡಾಡುತ್ತಿದ್ದರು. ಸಂಜೆಗೆ ಕೋಣೆಯ ಅಂಗಿಗಳೆಲ್ಲ ಮುಗಿದಿದ್ದರೆ ಅವರಿಗೆ ಸಾಕು. ಯಾವ ಗುಂಡಿ ಯಾರ ಕೈಯದೆಂದು ಕೆದಕುವ ಗೋಜಿಗೆ ಹೋಗುತ್ತಿರಲಿಲ್ಲ.

ಈ ಸಲ ಸ್ಟೂಲು ಪಂಡಿತೆಯದಾಗಿತ್ತು. ಪಂಡಿತೆ ಎಂಬುದು ಕೋಣೆಯವರು ಚೇಷ್ಟೆಗೆ ಇಟ್ಟ ಹೆಸರು. ಕಾಜಾ ಕಟ್ಟುವ ತೆಳ್ಳನೆಯ ಹೆಂಗಸು, ಗುಂಡಿಯಮ್ಮನಿಗಿಂತ ಬಹಳ ಚಿಕ್ಕವಳು. ಓದಲು ಕೂತರೆ ಗಂಡಸಿನ ಮಾತಿಗೆ ಗಂಟಲು ದಪ್ಪ ಮಾಡುತ್ತಿದ್ದಳು, ಮುದುಕಿಯ ಮಾತಿಗೆ ತುಟಿ ಒಳಗೆಳೆದುಕೊಳ್ಳುತ್ತಿದ್ದಳು. ಗುಂಡಿಯಮ್ಮ ಅವಳನ್ನು ಒಡಹುಟ್ಟಿದವಳಂತೆ ಹಚ್ಚಿಕೊಂಡಿದ್ದಳು. ಓದಿನ ಪಾಲು ಹಂಚುವಾಗ ಎಲ್ಲರಿಗಿಂತ ದೊಡ್ಡ ರಾಶಿಯನ್ನು ತನ್ನ ಮುಂದಕ್ಕೆ ಎಳೆದುಕೊಳ್ಳುತ್ತಿದ್ದುದೂ ಅವಳೇ.

ಪುಸ್ತಕ ಒಂದು ನದಿಯ ದಡದ್ದು. ದೋಣಿ ಹತ್ತುವವರಿಗೆ ಟಿಕೆಟ್ ಹರಿದುಕೊಡುವ ಗಟ್ಟಿಗಿತ್ತಿಯೊಬ್ಬಳ ಕತೆ. ಅವಳಿಗೆ ಪುಸ್ತಕದಲ್ಲಿ ಏನೋ ಒಂದು ಹೆಸರಿತ್ತು. ಕೋಣೆಯವರು ತಮ್ಮ ಪದ್ಧತಿಯಂತೆ ಅವಳಿಗೂ ಕೆಲಸದ ಹೆಸರನ್ನೇ ಇಟ್ಟು ದೋಣಿಯವಳು ಎಂದರು.

ಗುಂಡಿಯಮ್ಮನಿಗೆ ಅಕ್ಷರ ಬಾರದೆಂದಲ್ಲ. ಕೂಡಿಸಿ ಕೂಡಿಸಿ ಓದಬಲ್ಲಳು, ಆದರೆ ಸಾಲಿನ ತುದಿ ಮುಟ್ಟುವಷ್ಟರಲ್ಲಿ ಸಾಲಿನ ಮೊದಲು ಮರೆತುಹೋಗುತ್ತಿತ್ತು. ಹಾಗಾಗಿ ಪಂಡಿತೆಯ ಬಾಯಿಂದ ಬಂದ ದೋಣಿಯವಳು ಅವಳಿಗೆ ನೇರ ಕಿವಿಯೊಳಗೇ ಬಂದು ಮನೆ ಮಾಡಿದಳು. ದೋಣಿಯವಳ ಹಿಂದೆ ಬಿದ್ದ ಮೆಕ್ಯಾನಿಕ್ಕನನ್ನು ಕಂಡರೆ ಗುಂಡಿಯಮ್ಮನಿಗೆ ಆಗುತ್ತಿರಲಿಲ್ಲ.

“ಅವನ ಮೀಸೆ ನೋಡಿದ್ರೇ ಗೊತ್ತಾಗುತ್ತೆ, ನಂಬೋ ಗಿರಾಕಿ ಅಲ್ಲ,” ಎಂದಿದ್ದಳು ಒಮ್ಮೆ.

“ಮೀಸೆ ಎಲ್ಲಿ ನೋಡಿದ್ಯೇ?” ಎಂದಳು ಕಾಲರಕ್ಕ. “ಪುಸ್ತಕದಲ್ಲಿ ಮೀಸೆ ಸುದ್ದೀನೇ ಬಂದಿಲ್ಲ.”

“ಬರದಿದ್ರೇನು, ಅಂಥೋರಿಗೆ ಇದ್ದೇ ಇರುತ್ತೆ.”

ದೋಣಿಯವಳಿಗೆ ಜ್ವರ ಬಂದು ಮಲಗಿದ ದಿನ ಕತ್ತರಿ ಯಾವುದೋ ಹಾಡು ಗುನುಗಿದರೆ ಗುಂಡಿಯಮ್ಮ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸಿದ್ದಳು. ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಸಂತೆಯಲ್ಲಿ ತರಕಾರಿಯವನಿಗೆ ಅವಳು, “ಈ ಕೊಳೆತ ಟೊಮೆಟೊ ನನಗೆ ಕಟ್ಟಿದ್ದೀಯ, ದೋಣಿಯವಳಾಗಿದ್ರೆ ನಿನ್ನ ತಕ್ಕಡಿಗೇ ವಾಪಸು ಎಸೀತಿದ್ದಳು,” ಎಂದಳು. ಯಾರು ಆ ಯಮ್ಮ ಎಂದು ಅವನು ಕೇಳಿದ್ದಕ್ಕೆ, “ನಮ್ಮ ಕಡೆಯೋಳು,” ಎಂದು ಹೇಳಿ ನಡೆದುಬಿಟ್ಟಳು.

ಇಂಥ ಗುಂಡಿಯಮ್ಮನ ಹೊಟ್ಟೆಯಲ್ಲಿ ಯಾರಿಗೂ ಹೇಳದ ಮಾತೊಂದಿತ್ತು.

ವಯಸ್ಸಿನಲ್ಲಿ ಅವಳಿಗೊಬ್ಬ ಗಂಡನಿದ್ದ. ಬಸುರಿಯನ್ನು ಬಿಟ್ಟು ಹೇಳದೆ ಕೇಳದೆ ಹೊರಟುಹೋದ. ಅವಳು ಹೆಣ್ಣು ಹೆತ್ತಳು. ಅದೇ ದಿನಗಳಲ್ಲಿ ಅವಳ ತಂಗಿ ಹೆತ್ತದ್ದು ಉಳಿಯಲಿಲ್ಲ. ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ, ಉಣ್ಣಲಿಲ್ಲ, ಯಾರ ಮಾತಿಗೂ ಹೂಂ ಅನ್ನಲಿಲ್ಲ. ಅಕ್ಕ ಹೋಗಿ ತನ್ನ ಕೂಸನ್ನು ಅವಳ ಮಗ್ಗುಲಲ್ಲಿ ಮಲಗಿಸಿದಳು, ನಾಲ್ಕು ದಿನ ಇರಲಿ ಎಂದು. ಕೂಸು ಅತ್ತಿತು, ತಂಗಿ ಈ ಕಡೆ ತಿರುಗಿದಳು. ಆಮೇಲೆ ಆ ನಾಲ್ಕು ದಿನ ಮುಗಿಯಲೇ ಇಲ್ಲ. ಕೊಡುತ್ತೇನೆ ಎಂದು ಅಕ್ಕ ಹೇಳಲಿಲ್ಲ. ವಾಪಸು ಕೇಳಲಿಲ್ಲ, ಅಷ್ಟೇ.

ಕೂಸನ್ನು ಬಿಟ್ಟುಬಂದ ದಿನ ತಂಗಿಯ ಗಂಡ ಒಂದು ಪಾತ್ರೆಯಲ್ಲಿ ಊಟ ಹಾಕಿ ಕಳಿಸಿದ್ದ. ಮರುದಿನ ಪಾತ್ರೆ ಹಿಂದಿರುಗಿಸಲು ಹೊರಟವಳು ಬೇಕೆಂದೇ ಮುಚ್ಚಳವನ್ನು ಮನೆಯಲ್ಲಿ ಬಿಟ್ಟಳು. ಇನ್ನೊಂದು ಸಲ ಆ ಮನೆಯ ಬಾಗಿಲು ತಟ್ಟಲು ಕೈಯಲ್ಲಿ ಏನಾದರೂ ಇರಬೇಕಲ್ಲ. ಮಾರನೆಯ ದಿನ ಮುಚ್ಚಳ ಹಿಡಿದು ಹೋದಳು. ತಂಗಿ ಅದನ್ನು ತೆಗೆದುಕೊಂಡು, ಒಂದು ಮಾತೂ ಆಡದೆ, ಬಾಗಿಲನ್ನು ಅಗಲ ತೆರೆದು ಒಳಗೆ ಬಿಟ್ಟುಕೊಂಡಿದ್ದಳು.

ತಂಗಿ ಕೇಳಿದ್ದು ಒಂದೇ. ಮಗುವಿಗೆ ಯಾವತ್ತೂ ಗೊತ್ತಾಗಬಾರದು, ಯಾರ ಬಾಯಿಂದಲೂ. ಅಕ್ಕ ಮಾತು ಕೊಟ್ಟಳು. ಮಗು ದೊಡ್ಡಮ್ಮಾ ದೊಡ್ಡಮ್ಮಾ ಎನ್ನುತ್ತಲೇ ಬೆಳೆಯಿತು, ಮದುವೆಯಾಯಿತು. ಈಗ ತುಂಬಿದ ಬಸುರಿ. ಅವಳ ಗಂಡನಿಗೆ ದೂರದಲ್ಲಿ ಕೆಲಸವಾದ್ದರಿಂದ ತಂಗಿಯ ಮನೆಯಲ್ಲೇ ಇದ್ದಳು. ಮೂರು ಹೊತ್ತೂ ಫೋನು.

“ದೊಡ್ಡಮ್ಮಾ, ಆಸ್ಪತ್ರೆಗೆ ಹೋಗುವಾಗ ನೀವು ಜೊತೇಲಿರಬೇಕು. ಅಮ್ಮನ್ನ ನಂಬೋ ಹಾಗಿಲ್ಲ. ನಾನು ಹುಟ್ಟಿದಾಗ ಹೆಂಗಿತ್ತು, ನೋವು ಎಷ್ಟು ಹೊತ್ತು ಬಂತು ಅಂತ ಕೇಳಿದ್ರೆ ಅಡುಗೆಮನೆಗೆ ಎದ್ದು ಹೋಗ್ತಾಳೆ. ನೀವಾದ್ರೂ ಹೇಳ್ತೀರಾ?”

ಫೋನು ಕೆಳಗಿಟ್ಟ ಮೇಲೂ ಆ ಪ್ರಶ್ನೆ ಗುಂಡಿಯಮ್ಮನ ಕಿವಿಯಲ್ಲಿ ಕೂತೇ ಇತ್ತು. ಹೇಳಲೋ ಬೇಡವೋ? ಮಾತು ಕೊಟ್ಟದ್ದು ಒಂದು ಕಡೆ, ಹೆತ್ತದ್ದು ಒಂದು ಕಡೆ. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಿಷನ್ನುಗಳೆಲ್ಲ ನಿಂತು, ಹೆಂಗಸರು ಗಾಳಿಗೆಂದು ಹೊರಗೆ ಹೋದಾಗ, ಹಿಂದಿನ ಮೆಟ್ಟಿಲ ಮೇಲೆ ಕೂತು ಪಂಡಿತೆಯ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಮುಚ್ಚಳವನ್ನೂ ಬಿಡಲಿಲ್ಲ.

ಪಂಡಿತೆ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. “ನನ್ನ ಹೊಟ್ಟೇಲಿ ಹಾಕ್ಕೊಂಡೆ ಅಕ್ಕ. ಇದು ಇಲ್ಲಿಂದ ಆಚೆ ಹೋಗಲ್ಲ,” ಎಂದಿದ್ದಳು.

ಇದಾದ ಕೆಲವು ದಿನಗಳಿಗೆ, ಪುಸ್ತಕದಲ್ಲಿ, ದೋಣಿಯವಳು ಬಸುರಿಯಾದಳು. ಮೆಕ್ಯಾನಿಕ್ಕ ಕೈಕೊಟ್ಟು ಓಡಿಹೋದ. ನಾನು ಅವತ್ತೇ ಹೇಳಲಿಲ್ವಾ ಎಂದು ಗುಂಡಿಯಮ್ಮ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ದೋಣಿಯವಳು ಹೆತ್ತ ಹೆಣ್ಣುಕೂಸನ್ನು ಮಕ್ಕಳಿಲ್ಲದ ಅತ್ತಿಗೆಯ ಕೈಗೆ ಕೊಟ್ಟಳು.

“ಹೆತ್ತ ಕೂಸನ್ನ ಇನ್ನೊಬ್ಬಳ ಕೈಗಿಟ್ಟು ಅದ್ಹೆಂಗೆ ಅನ್ನ ಇಳಿಯುತ್ತಮ್ಮ ಇವಳಿಗೆ?” ಎಂದಳು ಕಾಲರಕ್ಕ.

“ಇಳಿಯುತ್ತೆ,” ಎಂದಳು ಗುಂಡಿಯಮ್ಮ, ದಾರ ಎಳೆಯುತ್ತ. “ಮೊದಲು ಇಳಿಯಲ್ಲ. ಆಮೇಲೆ ಇಳಿಯುತ್ತೆ.”

“ಬಂದಳಪ್ಪ ದೋಣಿಯವಳ ವಕೀಲೆ.”

ಅನುಮಾನ ಬರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಬರಲಿಲ್ಲ. ಗುಂಡಿಯಮ್ಮನ ಲೆಕ್ಕದಲ್ಲಿ ಪುಸ್ತಕವೆಂದರೆ ಅಚ್ಚಾದದ್ದು. ಅಚ್ಚಾದದ್ದೆಂದರೆ ಎಲ್ಲೋ ದೂರದಲ್ಲಿ, ತನ್ನ ಮುಖವನ್ನೇ ಕಾಣದವರು, ಎಂದೋ ಬರೆದು ಮುಗಿಸಿದ್ದು. ಅದರಲ್ಲಿ ತನ್ನಂಥವಳೊಬ್ಬಳು ಇದ್ದಾಳೆಂದರೆ ಲೋಕದಲ್ಲಿ ತನ್ನಂಥವಳೊಬ್ಬಳು ಇದ್ದಾಳೆ. ಇಷ್ಟು ವರ್ಷ ತಾನೊಬ್ಬಳೇ ಹೀಗೆ ಮಾಡಿದವಳೆಂದುಕೊಂಡು ತಲೆ ತಗ್ಗಿಸಿ ನಡೆದದ್ದು ಸುಮ್ಮನೆ ಆಯಿತು. ಆಮೇಲೆ ಒಂದು ದಿನ ದೋಣಿಯವಳು, ಅತ್ತಿಗೆಯ ಮನೆಯ ಪಾತ್ರೆಯ ಮುಚ್ಚಳವನ್ನು ಬೇಕೆಂದೇ ಹಿಂದೆ ಬಿಟ್ಟು, ಮರುದಿನ ಅದನ್ನು ಕೊಡಲು ಹೋದಳು. ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಂತಾಯಿತು. ಮುಚ್ಚಳದ ಉಪಾಯ ಹೊಳೆದವಳು ಇನ್ನೊಬ್ಬಳಿದ್ದಳಲ್ಲ ಎಂಬ ಸಮಾಧಾನಕ್ಕೇ ಗುಂಡಿಯಮ್ಮ ಆ ಸಂಜೆ ಚೀಲ ಇಳಿಸದೆ ಕೂತು ಅತ್ತದ್ದು. ಮಹಡಿಯ ಮಗು ನೋಡಿದ್ದು ಅದನ್ನೇ.

ಈಗ ಅವಳಿಗೆ ಬೇಕಾದದ್ದು ಮುಂದಿನ ಸಂಗತಿ. ದೋಣಿಯವಳು ಮಗಳಿಗೆ ಹೇಳುತ್ತಾಳೋ ಇಲ್ಲವೋ? ಅವಳು ಬಾಯಿ ಬಿಟ್ಟರೆ ತಾನೂ ಬಿಡುವುದು, ಅವಳು ನುಂಗಿಕೊಂಡರೆ ತಾನೂ ನುಂಗಿಕೊಳ್ಳುವುದು. ಯಾರನ್ನೂ ಕೇಳದೆ, ಮನಸ್ಸಿನಲ್ಲೇ, ದೋಣಿಯವಳ ಜೊತೆ ಅವಳ ಒಪ್ಪಂದವಾಗಿಹೋಗಿತ್ತು.

ಹೀಗಿರುವಾಗ ಪಂಡಿತೆ ರಜೆ ಹಾಕಿ ಅಣ್ಣನ ಮನೆಗೆ ಹೋದಳು. ಕಂದು ಕಾಗದದ ರಟ್ಟು ಹಾಕಿದ ಪುಸ್ತಕವನ್ನೂ ಚೀಲದಲ್ಲಿ ಹಾಕಿಕೊಂಡೇ ಹೋದಳು. ಅತ್ತ ಹೆರಿಗೆಯ ದಿನ ಹತ್ತಿರವಾಗುತ್ತಿತ್ತು, ಇತ್ತ ದೋಣಿಯವಳು ಅತ್ತಿಗೆಯ ಮನೆಯ ಹೊಸ್ತಿಲಲ್ಲಿ ನಿಂತೇ ಇದ್ದಳು. ಗುಂಡಿಯಮ್ಮನಿಗೆ ತಡೆಯಲಾಗಲಿಲ್ಲ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗೆ ಹೋಗಿ, ದೋಣಿ ಟಿಕೆಟ್ ಹರಿಯೋಳ ಪುಸ್ತಕ ಇದೆಯಾ ಎಂದು ವಿಚಾರಿಸಿದಳು. ಅಂಗಡಿಯವನು ಮೇಲಿನ ಹಲಗೆಯಿಂದ ಒಂದನ್ನು ತೆಗೆದು ಧೂಳು ಕೊಡವಿ ಕೊಟ್ಟ.

“ಇಷ್ಟು ತೆಳ್ಳಗಾ?”

“ತಕ್ಕಡೀಲಿ ತೂಗಿ ಕೊಡೋಕೆ ಇದು ಈರುಳ್ಳಿನಾ ತಾಯಿ? ಬೇಕಿದ್ರೆ ತಗೊಳ್ಳಿ.”

ಅಕ್ಷರ ಸಣ್ಣದಿರಬೇಕು ಎಂದುಕೊಂಡು ಅವಳು ತಂದಳು. ಭಾನುವಾರ ಮಧ್ಯಾಹ್ನ ಮಹಡಿ ಹತ್ತಿ, ಮಗುವಿನ ತಾಯಿಯ ಮುಂದೆ ಅದನ್ನಿಟ್ಟು, “ಮುಚ್ಚಳದಿಂದ ಮುಂದಕ್ಕೆ ಓದು,” ಎಂದಳು.

ಮಹಡಿಯವಳು ಮಗುವನ್ನು ಚಾಪೆಯ ಮೇಲೆ ಆಡಲು ಬಿಟ್ಟು ಮುಚ್ಚಳವನ್ನು ಹುಡುಕಿದಳು. ಹಿಂದಿನಿಂದ ಹುಡುಕಿದಳು, ಮುಂದಿನಿಂದ ಹುಡುಕಿದಳು.

“ಗುಂಡಿಯಮ್ಮ, ಇದರಲ್ಲಿ ಮುಚ್ಚಳ ಇಲ್ಲ.”

“ಸರಿಯಾಗಿ ನೋಡು. ಕೂಸನ್ನ ಅತ್ತಿಗೆಗೆ ಕೊಟ್ಟಮೇಲೆ ಬರುತ್ತೆ.”

“ಕೂಸೂ ಇಲ್ಲ.”

“ಹಾಳೆ ಹರಿದಿರಬೇಕು.”

“ಪುಟದ ನಂಬರೆಲ್ಲ ಸರಿಯಾಗಿವೆ.”

“ಹಂಗಾದ್ರೆ ಇದು ಬೇರೆ ಪುಸ್ತಕ ಬಿಡು. ಆ ಅಂಗಡಿಯವನು ಟೋಪಿ ಹಾಕಿದ್ದಾನೆ.”

ಮಹಡಿಯವಳು ಮೊದಲ ಪುಟ ತೆರೆದು ಓದಿದಳು: “ನದಿ ತುಂಬಿದ ದಿನವೂ ಅವಳು ಟಿಕೆಟಿನ ಕಿಟಕಿ ಮುಚ್ಚಲಿಲ್ಲ.”

“ಹೋಗುವವರು ಹೋಗಲಿ, ಬರುವವರಿಗೆ ದಾರಿ ಹೇಳಲು ಒಬ್ಬಳು ಬೇಕಲ್ಲ ಎಂದಳು,” ಎಂದು ಗುಂಡಿಯಮ್ಮ ಮುಂದಿನ ಸಾಲನ್ನು ಬಾಯಿಪಾಠ ಹೇಳಿ, ಹೇಳಿದ ಮೇಲೆ ಬೆಚ್ಚಿದಳು. ಪುಸ್ತಕ ಅದೇ.

“ಕೊನೇಲಿ ಏನಾಗುತ್ತೆ ಓದು.”

ಕೊನೆಯಲ್ಲಿ ದೋಣಿಯವಳು ಮೆಕ್ಯಾನಿಕ್ಕನನ್ನೇ ಮದುವೆಯಾಗುತ್ತಾಳೆ. ಇಬ್ಬರೂ ದಡದಲ್ಲೊಂದು ಚಹಾದಂಗಡಿ ತೆರೆಯುತ್ತಾರೆ. ಮುಗಿಯಿತು.

“ಓಡಿಹೋಗಲ್ವಾ ಅವನು?”

“ಇಲ್ಲ ಗುಂಡಿಯಮ್ಮ. ಒಳ್ಳೆಯವನೇ ಪಾಪ.”

“ಅತ್ತಿಗೆ?”

“ಅವಳಿಗೆ ಅಣ್ಣನೇ ಇಲ್ಲ.”

ಗುಂಡಿಯಮ್ಮ ಕೈ ಚಾಚಿ ಪುಸ್ತಕ ಇಸಿದುಕೊಂಡು ಕೊನೆಯ ಪುಟದ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಚಹಾದಂಗಡಿಯವರೆಗೆ ತಾನೇ ಓದಿದಳು. ಬಹಳ ಹೊತ್ತು ಹಿಡಿಯಿತು. ಮಹಡಿಯವಳು ಅವಸರ ಮಾಡಲಿಲ್ಲ. ಓದಿ ಮುಗಿಸಿದ ಗುಂಡಿಯಮ್ಮ ಪುಸ್ತಕವನ್ನು ದೂರ ಸರಿಸಿ, “ಹಾಯಾಗಿ ಚಹಾ ಕಾಸ್ಕೊಂಡು ಕೂತಿದ್ದಾಳೆ ನೋಡು,” ಎಂದಳು. “ಅವಳಿಗೇನೂ ಆಗೇ ಇಲ್ಲ. ಎಲ್ಲ ಆಗಿದ್ದು ನಂಗೇ.”

ಮಹಡಿಯವಳಿಗೆ ಅರ್ಥವಾಗಲಿಲ್ಲ. ಗುಂಡಿಯಮ್ಮ ಆಗ ಎಲ್ಲವನ್ನೂ ಹೇಳಿದಳು, ತಂಗಿ, ಕೂಸು, ಪಾತ್ರೆ, ಪಂಡಿತೆ. ಮೆಟ್ಟಿಲ ಮೇಲೆ ಪಂಡಿತೆಗೆ ಹೇಳಿಕೊಂಡ ಹಾಗಲ್ಲ. ಕಳೆದ ಸಾಮಾನಿನ ಗುರುತು ಹೇಳುವವಳಂತೆ ಒಣಗಿದ ದನಿಯಲ್ಲಿ ಹೇಳಿದಳು. ಕತೆಯ ನಡುವೆ ಮಗು ಬಂದು ಅಜ್ಜಿಯ ಮಡಿಲಲ್ಲಿ ಕೂತಿತು. ಅವಳು ಅದನ್ನು ಕೆಳಗಿಳಿಸಲೂ ಇಲ್ಲ, ತಬ್ಬಿಕೊಳ್ಳಲೂ ಇಲ್ಲ.

ರಜೆ ಮುಗಿಸಿ ಪಂಡಿತೆ ಬಂದ ದಿನ ಊಟದ ಬಿಡುವಿನಲ್ಲಿ ಇಬ್ಬರೂ ನಲ್ಲಿಯ ಹತ್ತಿರ ಎದುರಾದರು. ಪಂಡಿತೆ ಡಬ್ಬಿ ತೊಳೆಯುತ್ತಿದ್ದಳು.

“ಪುಸ್ತಕ ಯಾವಾಗ ಮುಗೀತು?”

“ಯಾವ ಪುಸ್ತಕ ಅಕ್ಕ?”

“ಚಹಾದಂಗಡಿ ಇಟ್ಟಳಲ್ಲ, ಅದು.”

ಪಂಡಿತೆ ನಲ್ಲಿ ನಿಲ್ಲಿಸಿದಳು. ಆಮೇಲೆ ಬಲಗೈಯನ್ನು ಮುಂದೆ ಹಿಡಿದಳು. ಹೆಬ್ಬೆರಳು ತೋರುಬೆರಳ ಕಡೆಗೆ ಬಗ್ಗಲು ನೋಡಿ ಅರ್ಧದಲ್ಲೇ ನಿಂತಿತು.

“ಸೂಜಿ ನಿಲ್ಲಲ್ಲ ಅಕ್ಕ. ನರ ಹೋಗಿದೆ ಅಂದ್ರು ಡಾಕ್ಟ್ರು. ಸ್ಟೂಲ್ ಇಳಿದ ದಿನವೇ ಮಾಸ್ಟರಿಗೆ ಗೊತ್ತಾಗುತ್ತೆ, ಮಾರನೇ ದಿನ ನಾನು ಬೀದೀಲಿ. ಅದಕ್ಕೇ ಮುಗೀತು ಅನ್ನಲಿಲ್ಲ. ಮೊದಮೊದಲು ನನ್ನ ತಲೆಯಿಂದಲೇ ಏನೇನೋ ಸೇರಿಸಿದೆ. ದೋಣಿಯವಳಿಗೆ ಜ್ವರ ಬರಿಸಿದೆ...”

“ಜ್ವರಾನೂ ಸುಳ್ಳಾ?”

ಕೇಳಿದ ಮೇಲೆ ಗುಂಡಿಯಮ್ಮನಿಗೇ ಆಶ್ಚರ್ಯವಾಯಿತು. ತನ್ನ ಬದುಕನ್ನೇ ಕದ್ದವಳ ಮುಂದೆ ನಿಂತು ತಾನು ಕೇಳುತ್ತಿರುವುದು ಜ್ವರದ ಸಂಗತಿ. ಆದರೆ ನೋವಾದದ್ದು ನಿಜ. ಆ ಜ್ವರಕ್ಕಾಗಿ ಅವಳು ಇಡೀ ಕೋಣೆಯನ್ನು ಸುಮ್ಮನಾಗಿಸಿದ್ದಳು.

“ಎಲ್ಲ ಆಕಳಿಸ್ತಿದ್ರು ಅಕ್ಕ,” ಎಂದಳು ಪಂಡಿತೆ ತಲೆ ತಗ್ಗಿಸಿ. “ಇನ್ನೇನು ಸಾಕು ಮುಗಿಸು ಅಂತಾರೆ ಅನ್ನೋ ಹೊತ್ತಿಗೆ ಕರೆಂಟ್ ಹೋಯ್ತು, ನೀವು ಹೇಳಿದ್ರಿ. ನಾನು ಹೆಸರು ಹೇಳಿಲ್ಲ. ತಂಗಿ ಇದ್ದಿದ್ದನ್ನ ಅತ್ತಿಗೆ ಮಾಡಿದೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಗೊತ್ತಿದ್ದೂ ಕೇಳ್ತಿದ್ದೀರ, ಮನಸ್ಸು ಹಗುರ ಆಗ್ತಿದೆ ಅಂದ್ಕೊಂಡಿದ್ದೆ.”

“ಮುಚ್ಚಳಾನೂ ಹೇಳ್ಬೇಕಿತ್ತಾ?”

“ಅದನ್ನ ಹೇಳಿದಾಗ ಕೋಣೇಲಿ ಒಬ್ಬರೂ ಉಸಿರಾಡಲಿಲ್ಲ ಅಕ್ಕ.”

ಹಾಗೆ ಹೇಳುವಾಗ ಪಂಡಿತೆಯ ಕಣ್ಣಿನಲ್ಲಿ ಒಂದು ಮಿಂಚು ಬಂದುಹೋಯಿತು. ಚೆನ್ನಾಗಿ ಕಟ್ಟಿದ ಕಾಜಾವನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುವವಳ ಹೆಮ್ಮೆ ಅದು. ಗುಂಡಿಯಮ್ಮನಿಗೆ ಬೆರಳಿನ ಸುದ್ದಿ ಕೇಳಿ ಮೂಡಿದ್ದ ಕನಿಕರ ಅಲ್ಲಿಗೆ ಇಂಗಿತು.

“ಇವತ್ತು ಮುಗಿಸು.”

“ಹೆಂಗೆ ಮುಗಿಸಲಿ?”

“ಇಷ್ಟು ದಿನ ನನ್ನ ಕೇಳಿ ಮಾಡಿದ್ಯಾ?”

ಮಧ್ಯಾಹ್ನ ಪಂಡಿತೆ ಸ್ಟೂಲು ಹತ್ತಿದಳು. ಹುಡುಗಿಗೆ ಗೊತ್ತಾಗುತ್ತಾ ಇಲ್ವಾ ಅಷ್ಟು ಹೇಳಿಬಿಡು ಎಂದು ಎಲ್ಲರೂ ಕಾಡುತ್ತಿದ್ದರು. ಅವಳು ಕಂದು ರಟ್ಟಿನ ಪುಸ್ತಕ ತೆರೆದು, ಯಾವುದೋ ಪುಟದ ಮೇಲೆ ಕಣ್ಣಿಟ್ಟು, ಗಂಟಲು ಸರಿಮಾಡಿಕೊಂಡಳು. ವರ್ಷಗಳು ಉರುಳಿ ಕೂಸು ದೊಡ್ಡವಳಾದ ಮೇಲೆ, ದೋಣಿಯವಳು ಮಗಳಿಗೆ ಎಲ್ಲ ಹೇಳಿಬಿಡುವುದೆಂದು ನಿಶ್ಚಯಿಸಿ ನದಿ ದಾಟಲು ಹೊರಟಳು. ನಡುನೀರಿನಲ್ಲಿ ಗಾಳಿ ಎದ್ದಿತು. ದೋಣಿ ಮಗುಚಿತು. ಹೆಣ ಸಿಗಲಿಲ್ಲ. ಪಂಡಿತೆ ಪುಸ್ತಕ ಮುಚ್ಚಿದಳು.

ಹೊಲಿಗೆ ನಿಂತಿತು. ಬರೆದವನಿಗೆ ಒಂದಿಷ್ಟೂ ಬುದ್ಧಿ ಬೇಡವಾ ಎಂದು ಕತ್ತರಿ ಬೈದಳು. ಇಬ್ಬರು ಕಣ್ಣೊರೆಸಿಕೊಂಡರು. ಗುಂಡಿಯಮ್ಮ ಗುಂಡಿ ಹಚ್ಚುತ್ತಲೇ ಇದ್ದಳು. ಇವತ್ತು ಮುಗಿಸು ಎಂದರೆ ಇವಳು ತನ್ನನ್ನೇ ನೀರಿಗೆ ನೂಕಿ ಕೈ ತೊಳೆದುಕೊಂಡಳಲ್ಲ. ಅದೂ ಹೇಳಬೇಕೆಂದು ಹೊರಟ ಹೊತ್ತಿನಲ್ಲಿ.

“ಸತ್ತಿದ್ದೇ ಒಳ್ಳೇದಾಯ್ತು ಬಿಡ್ರೇ,” ಎಂದಳು ಕಾಲರಕ್ಕ. “ಹುಡುಗಿ ನೆಮ್ಮದಿಯಾಗಿರ್ತಾಳೆ. ಈ ಕೊನೆ ಕೇಳಿದ್ರೆ ನಮ್ಮ ಬೀದಿಯೋರಿಗೂ ಸಮಾಧಾನ. ದಿನಾ ಸಂಜೆ ಕಟ್ಟೆ ಮೇಲೆ ಕೂತು ಕೇಳ್ತಾರೆ, ಇವತ್ತೇನಾಯ್ತು ಅಂತ. ಆ ಮುಚ್ಚಳದ ಕತೆ ಅಂತೂ ಎಲ್ಲರ ಬಾಯಲ್ಲೂ.”

ಗುಂಡಿಯಮ್ಮನ ಸೂಜಿ ನಿಂತಿತು. ಕಾಲರಕ್ಕನ ಬೀದಿ ಎಂದರೆ ತಂಗಿಯ ಮನೆಯ ಹಿಂದಿನ ಬೀದಿ.

“ಎಲ್ಲರ ಬಾಯಲ್ಲೂ ಅಂದ್ರೆ?”

“ನಮ್ಮ ಬೀದಿ, ಮುಂದಿನ ಬೀದಿ, ಎಲ್ಲಾ. ಹಾಲಿನ ಅಂಗಡೀಲೂ ಅದೇ ಮಾತು. ಯಾಕೆ, ನಿಂಗೇನು ಪಾಲು ಬೇಕಿತ್ತಾ?” ಎಂದು ಕಾಲರಕ್ಕ ನಕ್ಕಳು.

ಪುಸ್ತಕ ಮುಗಿದಿತ್ತು. ರೂಢಿಯಂತೆ ಪಂಡಿತೆ ಸ್ಟೂಲಿನಿಂದಿಳಿದು ಬಂದು ತನ್ನ ರಾಶಿಯ ಮುಂದೆ ಕೂತಳು. ಎಡಗೈಯಲ್ಲಿ ಸೂಜಿ ಹಿಡಿದು, ಮೊದಲ ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಯಾರನ್ನೂ ನೋಡದೆ ಚುಚ್ಚತೊಡಗಿದಳು. ಗುಂಡಿಯಮ್ಮನ ಕೈ ಅಭ್ಯಾಸದಂತೆ ಆ ರಾಶಿಯ ಕಡೆಗೆ ಹೋಯಿತು. ಅರ್ಧ ದಾರಿಯಿಂದ ಅವಳು ಅದನ್ನು ಹಿಂದಕ್ಕೆ ತಂದು ತನ್ನ ಮಡಿಲಲ್ಲಿಟ್ಟುಕೊಂಡಳು.

ಆ ಸಂಜೆ ಅವಳು ತನ್ನ ಮನೆಯ ಬೀಗವನ್ನೂ ತೆಗೆಯದೆ ನೇರ ಮಹಡಿಗೆ ಹೋದಳು. ಮಗುವಿನ ತಾಯಿ ಒಂದು ಕೈಯಲ್ಲಿ ಒಲೆ, ಇನ್ನೊಂದು ಕೈಯಲ್ಲಿ ಮಗಳ ಜಡೆ ಸಂಭಾಳಿಸುತ್ತಿದ್ದಳು. ಗುಂಡಿಯಮ್ಮ ಬಾಚಣಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮಗುವನ್ನು ಮುಂದೆ ಕೂರಿಸಿಕೊಂಡಳು. ಜಡೆ ಹಾಕುತ್ತಲೇ ದೋಣಿ ಮಗುಚಿದ್ದನ್ನು ಹೇಳಿದಳು, ಹಾಲಿನ ಅಂಗಡಿಯ ಮಾತನ್ನು ಹೇಳಿದಳು.

“ಅವಳ ಮೇಲೆ ದೂರು ಕೊಡಿ ಗುಂಡಿಯಮ್ಮ. ಮಾಸ್ಟರಿಗೆ ಹೇಳಿ.”

“ಏನಂತ ಹೇಳಲಿ? ನನ್ನ ಕತೆ ಕದ್ದಳು ಅಂತಲಾ? ಹಂಗಂದ್ರೆ ಕತೆ ನಂದೇ ಅಂತ ಸಾರಿದ ಹಾಗಾಯ್ತು.” ಅವಳು ಜಡೆಯ ಎಳೆ ಬಿಗಿದಳು. “ಅಲ್ಲದೆ, ಪಂಡಿತೆ ಮಾತಿಗೆ ತಪ್ಪಿದಳು ಅಂತ ಬೈತೀನಿ ಸರಿ. ತಂಗಿಗೆ ಮಾತು ಕೊಟ್ಟೋಳು ನಾನು. ಮೆಟ್ಟಿಲ ಮೇಲೆ ಕೂತು ಬಾಯಿಬಿಟ್ಟೋಳೂ ನಾನೇ. ತಂಗಿ ನಾಳೆ ಹಾಲಿನ ಅಂಗಡೀಲಿ ಮುಚ್ಚಳದ ಸುದ್ದಿ ಕೇಳಿದ್ರೆ ಪಂಡಿತೆ ಹೇಳಿದಳು ಅಂದ್ಕೊಳ್ತಾಳಾ? ಮುಚ್ಚಳ ಗೊತ್ತಿರೋದು ನಮ್ಮಿಬ್ಬರಿಗೇ. ನಾನೇ ಊರೆಲ್ಲ ಸಾರಿದೆ ಅಂದ್ಕೊಳ್ತಾಳೆ. ಹುಡುಗೀನೂ ಅದೇ ಅಂಗಡಿಗೆ ಹೋಗ್ತಾಳೆ.”

“ಹುಡುಗಿಗೆ ಹೇಳ್ತೀರಾ?”

“ಹೇಳೋದೋ ಬಿಡೋದೋ, ಅದನ್ನ ಇನ್ನು ಯಾವ ಪುಸ್ತಕಾನೂ ನಂಗೆ ಹೇಳಿಕೊಡಲ್ಲ. ಮೊದಲು ತಂಗಿ. ಮಾತು ತಪ್ಪಿದೆ ಅಂತ ಅವಳ ಮುಂದೆ ನಾನೇ ನಿಂತು ಹೇಳಬೇಕು, ಬೀದಿಯೋರು ಹೇಳೋಕೆ ಮೊದಲು. ಆಮೇಲೆ ಅವಳು ಒಪ್ಪಿದ್ರೆ ಹುಡುಗಿಗೆ ಇಬ್ಬರೂ ಕೂತು ಹೇಳ್ತೀವಿ. ಒಪ್ಪದಿದ್ರೆ ಬಾಗಿಲು ಹಾಕ್ಕೊಳ್ತಾಳೆ.”

ಮಹಡಿಯವಳು ಒಲೆ ಆರಿಸಿದಳು. ಗುಂಡಿಯಮ್ಮ ಜಡೆಯ ತುದಿಗೆ ರಬ್ಬರ್ ಬ್ಯಾಂಡು ಸುತ್ತಿ, ಮಗುವಿನ ತಲೆಯನ್ನು ಒಮ್ಮೆ ಸವರಿ ಎಬ್ಬಿಸಿದಳು.

“ನಂಗೊಂದು ಉಪಕಾರ ಮಾಡ್ತೀಯಾ?” ಎಂದಳು. “ಈಗಲೇ ಹೊರಡಬೇಕು. ಮಗೂನ ಕರ್ಕೊಂಡು ನೀನೂ ಬಾ. ನಾನು ಅಡುಗೆಮನೇಲಿ ತಂಗಿ ಹತ್ತಿರ ಮಾತಾಡೋವರೆಗೂ ಹುಡುಗೀನ ಹೊರಗಿನ ಕೋಣೇಲಿ ಕೂರಿಸ್ಕೊಂಡಿರು. ಒಳಗೆ ಬರಗೊಡಬೇಡ. ಹೆರಿಗೆ ಸುದ್ದಿ ಕೇಳ್ತಾಳೆ, ನಿನ್ನದನ್ನ ಹೇಳು, ಇದ್ದದ್ದು ಇದ್ದ ಹಾಗೆ. ಯಾವ ಕತೆಯನ್ನೂ ಮಾತ್ರ ಹೇಳಬೇಡ.”